ಅಡ್ಡಬಿದ್ದ ಫೋಟೋಗಳಿಗೆ ಮನೆಮದ್ದು

ಮದುವೆ ಮುಗಿದ ಮನೆಯಲ್ಲಿ ಪಾತ್ರೆ ತೊಳೆದು, ಚಾಪೆ ಮಡಚಿ, ನೆಂಟರನ್ನೆಲ್ಲ ಕಳುಹಿಸಿಕೊಟ್ಟ ಮೇಲೂ ಉಳಿಯುವ ಒಂದು ಕೆಲಸವಿದೆ. ಅದು ಫೋಟೋಗಳದ್ದು. ತಮ್ಮನ ಫೋನಿನಲ್ಲಿ ನೂರು, ನಾದಿನಿಯ ಫೋನಿನಲ್ಲಿ ಇನ್ನೂರು, ಕೊಲ್ಲಿಯಿಂದ ಬಂದ ಮಾವನ ಕ್ಯಾಮರಾದಲ್ಲಿ ಮತ್ತೆ ನೂರು. ಎಲ್ಲವನ್ನೂ ಒಂದೆಡೆ ಸೇರಿಸಿ ನೋಡಿದರೆ ಅರ್ಧದಷ್ಟು ಫೋಟೋಗಳು ನೆಟ್ಟಗೆ ನಿಂತಿರುತ್ತವೆ, ಉಳಿದವು ಅಡ್ಡ ಮಲಗಿರುತ್ತವೆ. ಕೆಲವು ತಲೆಕೆಳಗಾಗಿಯೂ ಇರುತ್ತವೆ. ಹೆಸರುಗಳಂತೂ ಬರೀ ಅಂಕಿಗಳು. ಯಾವುದು ಮೈಲಾಂಜಿಯದ್ದು, ಯಾವುದು ನಿಕಾಹ್‌ನದ್ದು ಎಂದು ತೆರೆದು ನೋಡದೆ ತಿಳಿಯುವುದಿಲ್ಲ.

ಆಗ ನಾವು ಸಾಮಾನ್ಯವಾಗಿ ಮಾಡುವುದೇನು? ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ ಪೇಟೆಯ ಕಂಪ್ಯೂಟರ್ ಅಂಗಡಿಗೋ ಸ್ಟುಡಿಯೋಗೋ ಕೊಟ್ಟು ಬರುತ್ತೇವೆ. ಇಲ್ಲವೇ ಫೋಟೋ ತಿರುಗಿಸಿಕೊಡುವ ಯಾವುದೋ ವೆಬ್‌ಸೈಟ್‌ಗೆ ಒಂದೊಂದಾಗಿ ಏರಿಸುತ್ತೇವೆ. ಕೆಲಸವೇನೋ ಆಗುತ್ತದೆ. ಆದರೆ ಆ ಫೋಟೋಗಳಲ್ಲಿ ಯಾರಿದ್ದಾರೆ ಎಂಬುದನ್ನು ಒಮ್ಮೆ ಯೋಚಿಸಿ. ಹೆಂಗಸರ ಕೋಣೆಯಲ್ಲಿ ತಲೆಯ ಮೇಲಿನ ವಸ್ತ್ರ ಸರಿಸಿ ಕುಳಿತ ಮದುಮಗಳಿದ್ದಾಳೆ. ಅವಳ ಗೆಳತಿಯರಿದ್ದಾರೆ. ನಿಮ್ಮನ್ನು ನಂಬಿ ಕ್ಯಾಮರಾದ ಮುಂದೆ ನಿಂತ ನೆಂಟರ ಹೆಣ್ಣುಮಕ್ಕಳಿದ್ದಾರೆ. ಆ ಚಿತ್ರಗಳು ನಿಮ್ಮ ಕೈಯಲ್ಲಿರುವ ಅಮಾನತ್. ಅಂಗಡಿಯವರು ಕೆಟ್ಟವರೆಂದು ಹೇಳುತ್ತಿಲ್ಲ. ಆದರೆ ಕಂಪ್ಯೂಟರಿಗೆ ಒಮ್ಮೆ ನಕಲಾದದ್ದು ಅಲ್ಲೇ ಉಳಿಯಬಹುದು. ಪೆನ್‌ಡ್ರೈವ್‌ನಿಂದ ಅಳಿಸಿದ ಫೋಟೋವನ್ನೂ ಮರಳಿ ಪಡೆಯುವ ತಂತ್ರಾಂಶಗಳಿವೆ. ಅಳಿಸಿದರೆ ಮುಗಿಯಿತು ಎಂಬ ಮಾತು ಇಲ್ಲಿ ನಡೆಯುವುದಿಲ್ಲ.

ಫೋಟೋ ತೆಗೆಯುವುದರ ಬಗ್ಗೆಯೇ ವಿದ್ವಾಂಸರಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆ ಚರ್ಚೆ ಈ ಲೇಖನದ್ದಲ್ಲ. ಆದರೆ ತೆಗೆದು ಇಟ್ಟುಕೊಂಡ ಫೋಟೋವನ್ನು ಜೋಪಾನ ಮಾಡಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಾರದು. ಅದಕ್ಕೆ ದೊಡ್ಡ ವಿದ್ಯೆಯೇನೂ ಬೇಕಾಗಿಲ್ಲ. ಮಕ್ಕಳ ಓದಿಗೆಂದು ತಂದ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ, ಒಂದು ಮಧ್ಯಾಹ್ನದ ಬಿಡುವಿನಲ್ಲಿ ನೀವೇ ಈ ಕೆಲಸವನ್ನು ಕಲಿತುಬಿಡಬಹುದು.

ಫೋಟೋ ಅಡ್ಡ ಬೀಳುವುದೇಕೆ?

ಫೋನನ್ನು ನೀವು ನೆಟ್ಟಗೆ ಹಿಡಿದರೂ ಅಡ್ಡ ಹಿಡಿದರೂ ಅದರೊಳಗೆ ಚಿತ್ರ ಹಿಡಿಯುವ ಭಾಗ ಸಾಮಾನ್ಯವಾಗಿ ಒಂದೇ ರೀತಿಯಲ್ಲಿ, ಅಂದರೆ ಅಡ್ಡಲಾಗಿ, ಚಿತ್ರವನ್ನು ದಾಖಲಿಸುತ್ತದೆ. ಜೊತೆಗೆ ಭೂಮಿಯ ಸೆಳೆತವನ್ನು ಗುರುತಿಸುವ ಒಂದು ಸಣ್ಣ ಸಾಧನ ಫೋನಿನಲ್ಲಿದೆ. ಅದು ನೀವು ಫೋನನ್ನು ಹೇಗೆ ಹಿಡಿದಿದ್ದೀರಿ ಎಂದು ತಿಳಿದು, ‘ತೋರಿಸುವಾಗ ಇದನ್ನು ಬಲಕ್ಕೆ ತಿರುಗಿಸಿ ತೋರಿಸಿ’ ಎಂಬಂಥ ಒಂದು ಚೀಟಿಯನ್ನು ಫೋಟೋದೊಳಗೇ ಬರೆದಿಡುತ್ತದೆ. ಫೋಟೋದ ಜೊತೆ ಹೋಗುವ ಇಂಥ ಮಾಹಿತಿಗೆ ಎಕ್ಸಿಫ್ ಎಂದು ಹೆಸರು. ಜಪಾನಿನಲ್ಲಿ 1995ರಲ್ಲಿ ರೂಪುಗೊಂಡ ಪದ್ಧತಿ ಇದು. ತಿರುವಿನ ಚೀಟಿಯಲ್ಲಿ 1ರಿಂದ 8ರವರೆಗಿನ ಒಂದು ಅಂಕಿ ಇರುತ್ತದೆ. 1 ಎಂದಿದ್ದರೆ ತಿರುಗಿಸುವ ಅಗತ್ಯವಿಲ್ಲ, 3 ಎಂದಿದ್ದರೆ ತಲೆಕೆಳಗು ಮಾಡಬೇಕು, 6 ಎಂದಿದ್ದರೆ ಬಲಕ್ಕೆ, 8 ಎಂದಿದ್ದರೆ ಎಡಕ್ಕೆ ತಿರುಗಿಸಬೇಕು.

ತೊಂದರೆ ಬರುವುದು ಈ ಚೀಟಿಯನ್ನು ಎಲ್ಲರೂ ಓದದೆ ಇರುವುದರಿಂದ. ವಿಂಡೋಸ್ 7ರ ಫೋಟೋ ವೀಕ್ಷಕ ಇದನ್ನು ಓದುತ್ತಿರಲಿಲ್ಲ. ವಿಂಡೋಸ್ 8ರಿಂದ ಓದತೊಡಗಿತು. ಹಾಗಾಗಿಯೇ ನಿಮ್ಮ ಫೋನಿನಲ್ಲಿ ನೆಟ್ಟಗಿದ್ದ ಫೋಟೋ ಹಳೆಯ ಕಂಪ್ಯೂಟರಿನಲ್ಲಿ ಅಥವಾ ಪೆನ್‌ಡ್ರೈವ್ ಚುಚ್ಚಿದ ಟಿ.ವಿ.ಯಲ್ಲಿ ಅಡ್ಡ ಬೀಳಬಹುದು. 2000ದ ಆಸುಪಾಸಿನ ಎಷ್ಟೋ ಡಿಜಿಟಲ್ ಕ್ಯಾಮರಾಗಳಲ್ಲಿ ಆ ಸಾಧನವೇ ಇರಲಿಲ್ಲ. ಆದ್ದರಿಂದ ಆಗಿನ ಸಿ.ಡಿ.ಗಳಲ್ಲಿರುವ ಫೋಟೋಗಳಿಗೆ ಚೀಟಿಯೂ ಇಲ್ಲ. ಅವನ್ನು ಕೈಯಾರೆ ತಿರುಗಿಸಲೇಬೇಕು.

ಇನ್ನೊಂದು ಸಂದರ್ಭವೂ ಇದೆ. ಮೇಜಿನ ಮೇಲೆ ಇಟ್ಟ ಪಾಸ್‌ಪೋರ್ಟ್, ಅಂಕಪಟ್ಟಿ, ಉಮ್ಮನ ಕೈಬರಹದ ಅಡುಗೆ ಪುಸ್ತಕ ಇಂಥವುಗಳ ಫೋಟೋ ತೆಗೆದಾಗ ಅದು ಬಹಳ ಸಲ ಅಡ್ಡವಾಗಿರುತ್ತದೆ. ಫೋನನ್ನು ನೆಲಕ್ಕೆ ಮುಖ ಮಾಡಿ ಹಿಡಿದಾಗ ಮೇಲೆ ಯಾವುದು, ಪಕ್ಕ ಯಾವುದು ಎಂದು ಆ ಸಾಧನಕ್ಕೆ ತಿಳಿಯದಿರುವುದೇ ಇದಕ್ಕೆ ಕಾರಣ. ಉಪಾಯ ಸುಲಭ. ಮೊದಲು ಫೋನನ್ನು ನಿಮ್ಮೆದುರು ನೆಟ್ಟಗೆ ಹಿಡಿಯಿರಿ. ಪರದೆಯ ಮೇಲಿನ ಸಣ್ಣ ಗುರುತುಗಳೂ ನೆಟ್ಟಗಾದ ಮೇಲೆ ಮೆಲ್ಲನೆ ಕಾಗದದ ಮೇಲಕ್ಕೆ ಬಾಗಿಸಿ ಫೋಟೋ ತೆಗೆಯಿರಿ.

ತಿರುಗಿಸುವುದರಲ್ಲೂ ಎರಡು ಬಗೆ

ಫೋನ್ ಮತ್ತು ಕ್ಯಾಮರಾಗಳು ಹೆಚ್ಚಾಗಿ ಬಳಸುವುದು ಜೆಪೆಗ್ ಎಂಬ ವಿಧಾನವನ್ನು. 1992ರಲ್ಲಿ ರೂಪುಗೊಂಡ ಈ ವಿಧಾನವು ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ಸಣ್ಣ ಸಣ್ಣ ಚೌಕಗಳಾಗಿ ಮಾಡಿ, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಕೈಬಿಟ್ಟು ಫೈಲನ್ನು ಚಿಕ್ಕದಾಗಿಸುತ್ತದೆ. ಫೋಟೋವನ್ನು ಬಿಚ್ಚಿ, ತಿದ್ದಿ, ಮತ್ತೆ ಉಳಿಸಿದಾಗಲೆಲ್ಲ ಹೀಗೆ ಕೈಬಿಡುವ ಕೆಲಸ ಇನ್ನೊಮ್ಮೆ ನಡೆಯುತ್ತದೆ. ಜೆರಾಕ್ಸ್ ಪ್ರತಿಯ ಜೆರಾಕ್ಸ್ ತೆಗೆಯುತ್ತಾ ಹೋದರೆ ಅಕ್ಷರ ಮಾಸುತ್ತದಲ್ಲ, ಹಾಗೆಯೇ ಇದು. ಒಮ್ಮೆ ಮಾಡಿದರೆ ಗೊತ್ತಾಗುವುದಿಲ್ಲ. ಪದೇ ಪದೇ ಮಾಡಿದರೆ ಮುಖದ ನಯ ಹೋಗಿ ಅಂಚುಗಳಲ್ಲಿ ಕಲೆಗಳು ಕಾಣತೊಡಗುತ್ತವೆ.

ಆದರೆ ತಿರುಗಿಸುವುದಕ್ಕೆ ಮಾತ್ರ ಒಂದು ವಿಶೇಷ ದಾರಿಯಿದೆ. ಕೌದಿಯನ್ನು ಉದ್ದಕ್ಕೆ ಹಾಸಿದ್ದನ್ನು ಅಡ್ಡಕ್ಕೆ ಹಾಸಬೇಕಾದರೆ ಅದರ ಹೊಲಿಗೆ ಬಿಚ್ಚಬೇಕಾಗಿಲ್ಲ. ಹಾಗೆಯೇ ಜೆಪೆಗ್‌ನ ಚೌಕಗಳನ್ನೂ ಹೊಸದಾಗಿ ಅದುಮದೆ, ಇದ್ದಂತೆಯೇ ತಿರುಗಿಸಿ ಜೋಡಿಸಬಹುದು. ಇದಕ್ಕೆ ‘ಲಾಸ್‌ಲೆಸ್ ರೊಟೇಶನ್’, ಅಂದರೆ ನಷ್ಟವಿಲ್ಲದ ತಿರುವು ಎನ್ನುತ್ತಾರೆ. ಚಿತ್ರದ ಅಗಲ ಮತ್ತು ಎತ್ತರ ಎರಡೂ 16ರಿಂದ ಪೂರ್ತಿ ಭಾಗವಾಗುವಂತಿದ್ದರೆ ಇದು ಯಾವ ತೊಡಕೂ ಇಲ್ಲದೆ ಆಗುತ್ತದೆ. ಉದಾಹರಣೆಗೆ, ಎಷ್ಟೋ ಫೋನುಗಳ ಫೋಟೋ 4032 ಚುಕ್ಕೆ ಅಗಲ, 3024 ಚುಕ್ಕೆ ಎತ್ತರ ಇರುತ್ತದೆ. ಎರಡೂ 16ರಿಂದ ಭಾಗವಾಗುತ್ತವೆ. ಹಾಗಿಲ್ಲದಿದ್ದರೆ ಅಂಚಿನಲ್ಲಿ ಕೆಲವು ಚುಕ್ಕೆಗಳಷ್ಟು ಪಟ್ಟಿಯನ್ನು ಕತ್ತರಿಸಬೇಕಾಗಬಹುದು. ನಾಲ್ಕು ಸಾವಿರ ಚುಕ್ಕೆ ಅಗಲದ ಚಿತ್ರದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಮೊದಲು ಪ್ರತಿ, ಆಮೇಲೆ ಕೆಲಸ

ನೂರಾರು ಫೋಟೋಗಳನ್ನು ಒಮ್ಮೆಗೇ ಸರಿಪಡಿಸುವುದಕ್ಕೆ ‘ಬ್ಯಾಚ್’ ಕೆಲಸ ಎನ್ನುತ್ತಾರೆ. ಇದರಲ್ಲಿ ಒಂದು ಅಪಾಯವೂ ಇದೆ. ಐನೂರು ಫೋಟೋಗಳನ್ನು ಎರಡು ನಿಮಿಷದಲ್ಲಿ ಸರಿಮಾಡಬಲ್ಲ ತಂತ್ರಾಂಶ, ತಪ್ಪು ಗುಂಡಿ ಒತ್ತಿದರೆ ಅದೇ ಎರಡು ನಿಮಿಷದಲ್ಲಿ ಐನೂರನ್ನೂ ಕೆಡಿಸಬಲ್ಲದು. ಚಿತ್ರವನ್ನು ಒಮ್ಮೆ ಚಿಕ್ಕದು ಮಾಡಿ ಮೂಲದ ಮೇಲೆಯೇ ಉಳಿಸಿದರೆ ಮತ್ತೆ ದೊಡ್ಡದು ಮಾಡಲು ಬರುವುದಿಲ್ಲ. ಹೋದ ವಿವರ ಹೋದಂತೆಯೇ.

ಆದ್ದರಿಂದ ಕಂಪ್ಯೂಟರಿನಲ್ಲಿ ಮೊದಲೇ ಎರಡು ಫೋಲ್ಡರ್ ಮಾಡಿಕೊಳ್ಳಿ. ಒಂದಕ್ಕೆ ‘ಮೂಲ’ ಎಂದು, ಇನ್ನೊಂದಕ್ಕೆ ‘ಕೆಲಸ’ ಎಂದು ಹೆಸರಿಡಿ. ಎಲ್ಲ ಫೋಟೋಗಳನ್ನೂ ಮೊದಲು ‘ಮೂಲ’ಕ್ಕೆ ಹಾಕಿ. ಅದರ ನಕಲನ್ನು ‘ಕೆಲಸ’ಕ್ಕೆ ಹಾಕಿ. ‘ಮೂಲ’ವನ್ನು ಆಮೇಲೆ ಮುಟ್ಟಲೇಬೇಡಿ. ಬಟ್ಟೆ ಕತ್ತರಿಸುವ ಮುಂಚೆ ಎರಡು ಸಲ ಅಳೆಯುವವರಿಗೆ ಈ ಮಾತು ಹೊಸದೇನಲ್ಲ.

ಹತ್ತಿಪ್ಪತ್ತು ಫೋಟೋಗಳಷ್ಟೇ ಇದ್ದರೆ

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರಿನಲ್ಲಿ ಬೇರೇನೂ ಹಾಕಿಕೊಳ್ಳದೆ ಸಣ್ಣ ಕೆಲಸಗಳನ್ನು ಮಾಡಬಹುದು. ಫೋಲ್ಡರ್ ತೆರೆದು ಚಿತ್ರಗಳು ದೊಡ್ಡದಾಗಿ ಕಾಣುವಂತೆ ಮಾಡಿಕೊಳ್ಳಿ. ಕಂಟ್ರೋಲ್ ಕೀ ಒತ್ತಿ ಹಿಡಿದು ಒಂದೇ ಕಡೆಗೆ ಮಲಗಿದ ಫೋಟೋಗಳನ್ನೆಲ್ಲ ಒಂದೊಂದಾಗಿ ಆರಿಸಿ. ಮೌಸಿನ ಬಲಗುಂಡಿ ಒತ್ತಿದರೆ ‘ರೊಟೇಟ್ ರೈಟ್’, ‘ರೊಟೇಟ್ ಲೆಫ್ಟ್’ ಎಂಬ ಆಯ್ಕೆಗಳು ಬರುತ್ತವೆ. ಫೋಟೋದಲ್ಲಿ ತಲೆಗಳು ಎಡಗಡೆಗಿದ್ದರೆ ಬಲಕ್ಕೆ ತಿರುಗಿಸಿ, ಬಲಗಡೆಗಿದ್ದರೆ ಎಡಕ್ಕೆ ತಿರುಗಿಸಿ.

ಹೆಸರು ಬದಲಾಯಿಸಲೂ ಸುಲಭ ದಾರಿಯಿದೆ. ಬೇಕಾದ ಫೋಟೋಗಳನ್ನೆಲ್ಲ ಆರಿಸಿ, ಎಫ್2 ಕೀ ಒತ್ತಿ, ‘ಅಕೀಕಾ’ ಎಂದು ಬರೆದು ಎಂಟರ್ ಒತ್ತಿದರೆ ಸಾಕು. ಎಲ್ಲಕ್ಕೂ ಅದೇ ಹೆಸರು ಬಂದು ಮುಂದೆ ಕ್ರಮವಾಗಿ 1, 2, 3 ಎಂದು ಅಂಕಿ ಬೀಳುತ್ತದೆ.

ನೂರಾರು ಇದ್ದರೆ: ಇರ್ಫಾನ್‌ವ್ಯೂ

ದೊಡ್ಡ ಕೆಲಸಕ್ಕೆ ಇರ್ಫಾನ್‌ವ್ಯೂ ಎಂಬ ಚಿಕ್ಕ ತಂತ್ರಾಂಶ ಬಹಳ ಉಪಯುಕ್ತ. ಇದನ್ನು ರೂಪಿಸಿದವರು ಬೋಸ್ನಿಯಾದಲ್ಲಿ ಹುಟ್ಟಿ, ಆಸ್ಟ್ರಿಯಾದ ವಿಯೆನ್ನಾದಲ್ಲಿ ಓದಿದ ಇರ್ಫಾನ್ ಶ್ಕಿಲ್ಯಾನ್. 1996ರಲ್ಲಿ ಮೊದಲು ಹೊರಬಂದ ಇದಕ್ಕೆ ಅವರು ತಮ್ಮ ಹೆಸರನ್ನೇ ಇಟ್ಟರು. ಇರ್ಫಾನ್ ಎಂದರೆ ಅರಿವು ಎಂಬುದು ನಿಮಗೆ ತಿಳಿದೇ ಇದೆ. ಮನೆಬಳಕೆಗೆ ಇದು ಉಚಿತ. ವ್ಯಾಪಾರಕ್ಕೆ ಬಳಸುವುದಾದರೆ ಹಣ ಕೊಟ್ಟು ಪರವಾನಗಿ ಪಡೆಯಬೇಕು. ಆ ಷರತ್ತನ್ನು ಪಾಲಿಸುವುದೂ ಪ್ರಾಮಾಣಿಕತೆಯೇ. ಗೂಗಲ್‌ನ ಪಿಕಾಸಾ ಎಂಬ ತಂತ್ರಾಂಶ ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲಿತ್ತು. ಅದನ್ನು 2016ರಲ್ಲಿ ನಿಲ್ಲಿಸಲಾಯಿತು. ಇರ್ಫಾನ್‌ವ್ಯೂ ಮಾತ್ರ ಈಗಲೂ ನಡೆಯುತ್ತಿದೆ.

ಇದನ್ನು ಅದರದ್ದೇ ಅಧಿಕೃತ ತಾಣದಿಂದ ಇಳಿಸಿಕೊಳ್ಳಿ. ಜೊತೆಗೆ ‘ಪ್ಲಗಿನ್ಸ್’ ಎಂಬ ಕಂತೆಯನ್ನೂ ಹಾಕಿಕೊಳ್ಳಿ. ನಷ್ಟವಿಲ್ಲದ ತಿರುವಿಗೆ ಅದು ಬೇಕು. ಒಮ್ಮೆ ಹಾಕಿಕೊಂಡ ಮೇಲೆ ಅಂತರ್ಜಾಲವಿಲ್ಲದೆಯೂ ಇದು ಕೆಲಸ ಮಾಡುತ್ತದೆ. ನಿಮ್ಮ ಫೋಟೋಗಳು ಮನೆಯ ಕಂಪ್ಯೂಟರಿನಿಂದ ಹೊರಗೆ ಹೋಗುವುದಿಲ್ಲ. ಮ್ಯಾಕ್ ಕಂಪ್ಯೂಟರ್ ಇರುವವರು ಅದರಲ್ಲೇ ಇರುವ ‘ಪ್ರಿವ್ಯೂ’ವನ್ನಾಗಲಿ, ‘ಎಕ್ಸ್‌ಎನ್‌ಕನ್ವರ್ಟ್’ ಎಂಬ ತಂತ್ರಾಂಶವನ್ನಾಗಲಿ ಬಳಸಬಹುದು.

ತಿರುಗಿಸುವ ಕ್ರಮ ಹೀಗಿದೆ:

1. ಇರ್ಫಾನ್‌ವ್ಯೂನಲ್ಲಿ ‘ಕೆಲಸ’ ಫೋಲ್ಡರಿನ ಯಾವುದಾದರೂ ಒಂದು ಫೋಟೋ ತೆರೆಯಿರಿ. ಕೀಲಿಮಣೆಯಲ್ಲಿ ‘ಟಿ’ ಒತ್ತಿ. ಆ ಫೋಲ್ಡರಿನ ಎಲ್ಲ ಫೋಟೋಗಳೂ ಸಣ್ಣ ಸಣ್ಣ ಚಿತ್ರಗಳಾಗಿ ಕಾಣುತ್ತವೆ.

2. ಒಂದೇ ಕಡೆಗೆ ಮಲಗಿದವುಗಳನ್ನು ಮಾತ್ರ ಆರಿಸಿ. ನೆಟ್ಟಗಿರುವುದನ್ನು ಸೇರಿಸಿದರೆ ಅದೂ ಅಡ್ಡ ಬೀಳುತ್ತದೆ.

3. ಮೇಲಿನ ‘ಫೈಲ್’ ಪಟ್ಟಿಯಲ್ಲಿ ಜೆಪಿಜಿ ಲಾಸ್‌ಲೆಸ್ ಕೆಲಸಗಳ ಸಾಲನ್ನು ಹುಡುಕಿ, ಅದರಲ್ಲಿ ‘ರೊಟೇಶನ್’ ಆರಿಸಿ. ಬಲಕ್ಕೋ ಎಡಕ್ಕೋ ಎಂದು ಗುರುತು ಹಾಕಿ. ತೆಗೆದ ದಿನಾಂಕವನ್ನು ಹಾಗೆಯೇ ಉಳಿಸುವ ಆಯ್ಕೆಯಿದೆ. ಅದಕ್ಕೂ ಗುರುತು ಹಾಕಿ, ಕೆಲಸ ಆರಂಭಿಸಿ.

4. ಫೋನಿನಲ್ಲಿ ತೆಗೆದ ಫೋಟೋಗಳಾದರೆ ಆರಿಸುವ ಶ್ರಮವೂ ಬೇಡ. ಅಲ್ಲೇ ‘ಆಟೋ ರೊಟೇಟ್’ ಎಂಬ ಆಯ್ಕೆಯಿದೆ. ಅದು ಪ್ರತಿಯೊಂದು ಫೋಟೋದೊಳಗಿನ ಚೀಟಿಯನ್ನು ಓದಿ, ಬೇಕಾದಷ್ಟೇ ತಿರುಗಿಸಿ, ಚೀಟಿಯನ್ನೂ ಸರಿಪಡಿಸುತ್ತದೆ.

ಚೀಟಿಯನ್ನು ಸರಿಪಡಿಸದೆ ಚಿತ್ರವನ್ನು ಮಾತ್ರ ತಿರುಗಿಸುವ ತಂತ್ರಾಂಶಗಳೂ ಇವೆ. ಆಗ ಫೋನು ಹಳೆಯ ಚೀಟಿಯನ್ನು ಓದಿ ಇನ್ನೊಮ್ಮೆ ತಿರುಗಿಸಿ ತೋರಿಸುತ್ತದೆ. ಸರಿಮಾಡಿದ ಫೋಟೋ ಮತ್ತೆ ಅಡ್ಡಬಿದ್ದರೆ ಕಾರಣ ಇದೇ ಇರಬಹುದು.

ಚಿಕ್ಕದಾಗಿಸುವುದು, ಹೆಸರಿಡುವುದು

ಜಿದ್ದಾದಲ್ಲಿರುವ ಮಗನಿಗೋ ದುಬೈಯಲ್ಲಿರುವ ಪತಿಗೋ ಮುನ್ನೂರು ಫೋಟೋ ಕಳುಹಿಸಬೇಕೆಂದಿಟ್ಟುಕೊಳ್ಳಿ. ಒಂದು ಫೋಟೋ 4 ಎಂ.ಬಿ. ಇದ್ದರೆ ಒಟ್ಟು 1200 ಎಂ.ಬಿ. ಆಯಿತು. ಅವರು ನೋಡುವುದು ಫೋನಿನ ಪರದೆಯ ಮೇಲೆ. ಅದಕ್ಕೆ ಉದ್ದದ ಬದಿ 1600 ಚುಕ್ಕೆಗಳಿದ್ದರೆ ಧಾರಾಳವಾಯಿತು. ಹಾಗೆ ಮಾಡಿದರೆ ಒಟ್ಟು ಗಾತ್ರ ಮೊದಲಿನದರ ಸಣ್ಣ ಪಾಲಿಗೆ ಇಳಿಯುತ್ತದೆ.

ಇದಕ್ಕೆ ಇರ್ಫಾನ್‌ವ್ಯೂನಲ್ಲಿ ‘ಬಿ’ ಕೀ ಒತ್ತಿ. ಬ್ಯಾಚ್ ಕೆಲಸದ ಕಿಟಕಿ ತೆರೆಯುತ್ತದೆ. ಫೋಟೋಗಳನ್ನು ಪಟ್ಟಿಗೆ ಸೇರಿಸಿ. ಪರಿವರ್ತನೆ ಮತ್ತು ಹೆಸರು ಎರಡನ್ನೂ ಒಟ್ಟಿಗೆ ಮಾಡುವ ಆಯ್ಕೆಗೆ ಗುರುತು ಹಾಕಿ. ‘ಅಡ್ವಾನ್ಸ್‌ಡ್’ ಗುಂಡಿ ಒತ್ತಿ ಉದ್ದದ ಬದಿಗೆ 1600 ಎಂದು ಬರೆಯಿರಿ. ಹೆಸರಿನ ಜಾಗದಲ್ಲಿ ‘2025-12-28-ನಿಕಾಹ್-###’ ಎಂಬಂತೆ ಕೊಡಿ. ಕೊನೆಯ ಮೂರು ಗುರುತುಗಳ ಜಾಗದಲ್ಲಿ 001, 002 ಎಂದು ಅಂಕಿಗಳು ತಾವಾಗಿಯೇ ಬರುತ್ತವೆ. ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಹತ್ತು ವರ್ಷದ ಫೋಟೋಗಳೂ ಕಾಲಕ್ರಮದಲ್ಲಿ ತಾವೇ ಸಾಲಾಗಿ ನಿಲ್ಲುತ್ತವೆ.

ಫಲಿತಾಂಶವನ್ನು ಉಳಿಸಲು ‘ಕಳುಹಿಸಲು’ ಎಂಬ ಮೂರನೆಯ ಫೋಲ್ಡರನ್ನೇ ತೋರಿಸಿ. ಆ ಕಿಟಕಿಯಲ್ಲಿ ಎರಡು ಗುರುತುಗಳ ಬಗ್ಗೆ ಎಚ್ಚರವಿರಲಿ. ಒಂದು, ಇರುವ ಫೈಲಿನ ಮೇಲೆಯೇ ಬರೆಯುವ ‘ಓವರ್‌ರೈಟ್’. ಇನ್ನೊಂದು, ಕೆಲಸ ಮುಗಿದ ಮೇಲೆ ಮೂಲವನ್ನು ಅಳಿಸುವ ‘ಡಿಲೀಟ್ ಒರಿಜಿನಲ್’. ಇವೆರಡೂ ಖಾಲಿ ಇರಬೇಕು. ಮೊದಲು ಎರಡೇ ಎರಡು ಫೋಟೋ ಹಾಕಿ ಪರೀಕ್ಷಿಸಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲವೇ? ಸರಿಯಾಗಿದ್ದರೆ ಉಳಿದದ್ದನ್ನು ಹಾಕಿ.

ಯಾವುದಕ್ಕೆ ಎಷ್ಟು ದೊಡ್ಡ ಚಿತ್ರ ಬೇಕು ಎಂಬ ಲೆಕ್ಕವೂ ತಿಳಿದಿರಲಿ. ಒಳ್ಳೆಯ ಮುದ್ರಣಕ್ಕೆ ಒಂದು ಇಂಚಿಗೆ 300 ಚುಕ್ಕೆ ಬೇಕೆಂಬುದು ರೂಢಿ. ಆಲ್ಬಮ್‌ಗೆ ಹಾಕುವ 4 ಇಂಚು ಅಗಲ, 6 ಇಂಚು ಉದ್ದದ ಫೋಟೋಗೆ 1200 ಮತ್ತು 1800 ಚುಕ್ಕೆಗಳಾದವು. ಅದಕ್ಕಿಂತ ದೊಡ್ಡ ಮುದ್ರಣಕ್ಕೆ ಚಿಕ್ಕದಾಗಿಸಿದ್ದನ್ನು ಕೊಡಬೇಡಿ, ‘ಮೂಲ’ದಿಂದಲೇ ಆರಿಸಿ ಕೊಡಿ. ವಿದ್ಯಾರ್ಥಿವೇತನ, ಹಜ್ ಮೊದಲಾದ ಆನ್‌ಲೈನ್ ಅರ್ಜಿಗಳಲ್ಲಿ ಫೋಟೋ ಇಷ್ಟೇ ಕೆ.ಬಿ. ಇರಬೇಕೆಂಬ ಮಿತಿ ಇರುತ್ತದೆ. ಆಯಾ ಅರ್ಜಿಯ ಸೂಚನೆ ಓದಿ, ನಕಲನ್ನು ಅಷ್ಟಕ್ಕೆ ಇಳಿಸಿ.

ಐಫೋನ್ ಇರುವ ನೆಂಟರು ಕೊಟ್ಟ ಕೆಲವು ಫೋಟೋಗಳು ನಮ್ಮ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ. 2017ರಿಂದ ಐಫೋನ್‌ಗಳು ಜೆಪೆಗ್ ಬದಲು ಹೀಕ್ ಎಂಬ ಹೊಸ ವಿಧಾನವನ್ನು ಬಳಸುತ್ತಿರುವುದೇ ಕಾರಣ. ಅವರ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮರಾ, ಅದರಲ್ಲಿ ಫಾರ್ಮ್ಯಾಟ್ಸ್ ತೆರೆದು ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದೆ ತೆಗೆಯುವ ಫೋಟೋಗಳು ಜೆಪೆಗ್‌ನಲ್ಲೇ ಬರುತ್ತವೆ. ಸಮಾರಂಭಕ್ಕೆ ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

ಫೋನು ಮಾತ್ರ ಇರುವವರಿಗೆ

ಕಂಪ್ಯೂಟರ್ ಇಲ್ಲದಿದ್ದರೆ ಬೇಸರಪಡಬೇಡಿ. ಫೋನಿನ ಗ್ಯಾಲರಿಯಲ್ಲಿ ಫೋಟೋ ತೆರೆದು ‘ಎಡಿಟ್’ ಒತ್ತಿದರೆ ತಿರುಗಿಸುವ ಗುರುತು ಸಾಮಾನ್ಯವಾಗಿ ‘ಕ್ರಾಪ್’ ಭಾಗದಲ್ಲಿ ಸಿಗುತ್ತದೆ. ಒಂದೊಂದಾಗಿ ಮಾಡಬೇಕಾದೀತು, ಆದರೆ ಮುಖ್ಯವಾದ ಇಪ್ಪತ್ತು ಫೋಟೋಗಳಿಗೆ ಅಷ್ಟು ಸಾಕು. ಇದಕ್ಕೆಂದೇ ಗುರುತು ಪರಿಚಯವಿಲ್ಲದ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ನಿಮ್ಮ ಎಲ್ಲ ಫೋಟೋಗಳನ್ನೂ ನೋಡುವ ಅನುಮತಿಯನ್ನು ಅವು ಕೇಳುತ್ತವೆ.

ಹಂಚುವ ಮುನ್ನ

ನಾವು ಆಗಲೇ ಹೇಳಿದ ಎಕ್ಸಿಫ್ ಮಾಹಿತಿಯಲ್ಲಿ ತಿರುವಿನ ಅಂಕಿ ಮಾತ್ರವಲ್ಲ, ಫೋಟೋ ತೆಗೆದ ದಿನ, ಗಂಟೆ ಮತ್ತು ಕ್ಯಾಮರಾದಲ್ಲಿ ‘ಲೊಕೇಶನ್’ ಚಾಲೂ ಇದ್ದರೆ ತೆಗೆದ ಸ್ಥಳವೂ ಇರುತ್ತದೆ. ಅಂದರೆ ನಿಮ್ಮ ಮನೆ ಎಲ್ಲಿದೆ ಎಂಬುದೂ ಫೋಟೋದ ಜೊತೆ ಹೋಗಬಹುದು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿನಂತೆ ಫೋಟೋ ಆಗಿ ಕಳುಹಿಸಿದಾಗ ಈ ಮಾಹಿತಿ ಸಾಮಾನ್ಯವಾಗಿ ಕಳಚಿ ಹೋಗುತ್ತದೆ, ಜೊತೆಗೆ ಚಿತ್ರದ ಗುಣಮಟ್ಟವೂ ತಗ್ಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಿದರೆ ಗುಣಮಟ್ಟ ಉಳಿಯುತ್ತದೆ, ಆದರೆ ಸ್ಥಳದ ಮಾಹಿತಿಯೂ ಉಳಿಯುತ್ತದೆ. ಆದ್ದರಿಂದ ಮೂಲ ಪ್ರತಿಯನ್ನು ಮನೆಯವರಿಗೆ ಮಾತ್ರ ಕಳುಹಿಸಿ. ಮನೆಯೊಳಗೆ ಫೋಟೋ ತೆಗೆಯುವಾಗ ಕ್ಯಾಮರಾದ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಗುರುತನ್ನು ಆರಿಸಿಡಿ.

ಇನ್ನೊಂದು ಮಾತು ಯಾವ ತಂತ್ರಾಂಶಕ್ಕೂ ತಿಳಿಯದು. ‘ಕಳುಹಿಸಲು’ ಫೋಲ್ಡರಿಗೆ ಹಾಕುವ ಮುನ್ನ ಪ್ರತಿಯೊಂದು ಫೋಟೋವನ್ನೂ ನೋಡಿ. ಅದರಲ್ಲಿ ಬೇರೆ ಮನೆಯ ಹೆಣ್ಣುಮಕ್ಕಳಿದ್ದರೆ ಅವರನ್ನು ಕೇಳಿ. ಕುಟುಂಬದ ಗುಂಪಿನಲ್ಲಿ ನಲವತ್ತು ಜನರಿದ್ದರೆ ಆ ಫೋಟೋ ನಲವತ್ತು ಫೋನುಗಳಿಗೆ ಹೋಗುತ್ತದೆ. ಅಲ್ಲಿಂದ ಎಲ್ಲಿಗೆ ಎಂದು ಯಾರೂ ಹೇಳಲಾರರು. ಒಬ್ಬಳು ಬೇಡವೆಂದರೆ ಆ ಫೋಟೋವನ್ನು ತೆಗೆದಿಡಿ. ಅಡ್ಡಬಿದ್ದ ಫೋಟೋ ನೇರ ಮಾಡಲು ಕ್ಷಣ ಸಾಕು. ಕೈತಪ್ಪಿ ಹೋದ ಫೋಟೋವನ್ನು ಹಿಂದಕ್ಕೆ ಕರೆಯಲು ಬರುವುದಿಲ್ಲ.

ಕೊನೆಯದಾಗಿ, ‘ಮೂಲ’ ಫೋಲ್ಡರ್ ಎರಡು ಕಡೆ ಇರಲಿ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಹೊರಗೆ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ರಿಂದ ನಿಂತಿದೆ. ಉಚಿತವಾಗಿ ಸಿಗುವ 15 ಜಿ.ಬಿ.ಯಲ್ಲೇ ನಿಮ್ಮ ಮಿಂಚಂಚೆಯೂ ಸೇರಿದೆ. ಕಪಾಟಿನಲ್ಲಿ ಹಳೆಯ ಸಿ.ಡಿ.ಗಳಿದ್ದರೆ ಮೊದಲು ಅವನ್ನು ನಕಲು ಮಾಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಹೆಚ್ಚಾಗಿ ಇರುವುದಿಲ್ಲ, ಸಿ.ಡಿ.ಗಳೂ ಕಾಲ ಕಳೆದಂತೆ ಹಾಳಾಗುತ್ತವೆ.

ಎಲ್ಲವನ್ನೂ ಒಂದೇ ದಿನ ಮುಗಿಸಬೇಕೆಂದು ಕೂರಬೇಡಿ. ಮುಂದಿನ ಬಿಡುವಿನಲ್ಲಿ ಒಂದೇ ಒಂದು ಸಮಾರಂಭದ ಫೋಟೋಗಳನ್ನು ತೆಗೆದುಕೊಳ್ಳಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೀಲಿಮಣೆ ಅವಳ ಕೈಯಲ್ಲಿರಲಿ. ಯಾರ ಫೋಟೋ ಎಲ್ಲಿಗೆ ಹೋಗಬಹುದು, ಎಲ್ಲಿಗೆ ಹೋಗಬಾರದು ಎಂದು ಹೇಳುವವರು ನೀವಾಗಿರಿ. ಇನ್‌ಶಾ ಅಲ್ಲಾಹ್, ಕೆಲಸ ಮುಗಿಯುವಷ್ಟರಲ್ಲಿ ಇಬ್ಬರೂ ಒಂದೊಂದು ಹೊಸ ವಿಷಯ ಕಲಿತಿರುತ್ತೀರಿ.